ಸಾಲ ಆದರೆ ಸರಿ, ಪಾಲು ಯಾಕೆ?

ಹೊಸ ಕಂಪನಿ ಮಾಡಿದವರು ಬಂದು, ತಮ್ಮ ಕಂಪನಿಯ ಪಾಲು ಕೊಟ್ಟು, ಶಾರ್ಕ್ ಅನ್ನುವ ಹಣವಂತರ ಹತ್ತಿರ ಹಣ ಕೇಳುವ ಟೀವಿ ಕಾರ್ಯಕ್ರಮ ಶಾರ್ಕ್ ಟ್ಯಾಂಕ್ ಇಂಡಿಯಾ. ಅದನ್ನು ನೋಡುವಾಗ ನಮ್ಮ ಮನೆಯಲ್ಲಿ ಜಾಸ್ತಿ ಬೈಗುಳ ಬೀಳುವುದು ಶಾರ್ಕ್‌ಗಳಿಗಲ್ಲ, ಹಣ ಕೇಳಲು ಬಂದ ಹುಡುಗನಿಗೆ. ಅವನು ನಗುತ್ತಾ ಬಂದು, ಕಂಪನಿಯ ಹೆಸರು ಹೇಳಿ, "50 ಲಕ್ಷಕ್ಕೆ 10 ಪರ್ಸೆಂಟ್" ಅಂದ ಕೂಡಲೇ ದೊಡ್ಡಪ್ಪನ ಕುರ್ಚಿಯಿಂದ ಮಾತು ಬರುತ್ತದೆ. "ಎಂತ ಮರುಳು ಇವನಿಗೆ? ಊರಲ್ಲಿ ಬ್ಯಾಂಕ್ ಇಲ್ವಾ? ಸಾಲ ತೆಗೀಲಿ, ತೀರಿಸ್ಲಿ, ಮುಗೀತು. ಜೀವಮಾನ ಇಡೀ ಇವರಿಗೆ ಪಾಲು ಕೊಡುದಾ?"

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಡಿಕೆ ತೋಟ, ಸ್ವಲ್ಪ ತೆಂಗು, ಕಾಳುಮೆಣಸು. ಬೇರೆ ಊರಿನ ಗೆಳೆಯರು ಈ ಕಾರ್ಯಕ್ರಮದ ಬಗ್ಗೆ ಮಾತಾಡುವಾಗ ಯಾವ ಶಾರ್ಕ್ ಒಳ್ಳೆಯವರು, ಯಾರ ಅಹಂಕಾರ ಜಾಸ್ತಿ, ಯಾರು ಅತ್ತರು ಅಂತ ಮಾತಾಡುತ್ತಾರೆ. ನಮ್ಮಲ್ಲಿ ಚರ್ಚೆ ಆಗುವುದೇ ಬೇರೆ. ಹಣ ಯಾವ ದಾರಿಯಲ್ಲಿ ಬರಬೇಕು ಅನ್ನುವುದು. ಇಷ್ಟು ಸೀಸನ್ ಆದರೂ ಆ ಜಗಳ ಮುಗಿದಿಲ್ಲ.

ಕಾರ್ಯಕ್ರಮದ ಮೂಲ ಜಪಾನಿನದ್ದು. 2001ರಲ್ಲಿ ಅಲ್ಲಿ ಸುರುವಾದಾಗ ಹಣ ಕೊಡುವವರು ಹುಲಿಗಳಾಗಿದ್ದರು. 2005ರಲ್ಲಿ ಬ್ರಿಟನ್ನಿಗೆ ಹೋಗಿ ಡ್ರಾಗನ್ ಆದರು. 2009ರಲ್ಲಿ ಅಮೆರಿಕಕ್ಕೆ ಹೋಗಿ ಶಾರ್ಕ್ ಆದರು. ನಮ್ಮ ದೇಶಕ್ಕೆ ಅದೇ ಹೆಸರಲ್ಲಿ ಬಂದದ್ದು 2021ರ ಡಿಸೆಂಬರ್ 20ಕ್ಕೆ, ಸೋನಿ ಚಾನೆಲ್‌ನಲ್ಲಿ. ಇಲ್ಲಿಗೆ ಬರುವಾಗ ಯಾವ ಪ್ರಾಣಿ ಆಗಬೇಕಿತ್ತು ಅಂತ ಒಮ್ಮೆ ಮಾತು ಬಂತು. "ಕಾಡುಹಂದಿ" ಅಂದರು ದೊಡ್ಡಪ್ಪ. ಆ ವಾರ ತೋಟಕ್ಕೆ ಹಂದಿ ನುಗ್ಗಿತ್ತು, ಅದರ ಸಿಟ್ಟೂ ಸೇರಿತ್ತು ಅನ್ನಿ.

ಪಾಲಿನ ಲೆಕ್ಕ ಅವರಿಗೆ ಅರ್ಥ ಆಗುವುದಿಲ್ಲ ಅಂತ ನೀವು ತಿಳಿಯಬಾರದು. ಹಿಂದಿ ಅವರಿಗೆ ಅಷ್ಟಕ್ಕಷ್ಟೆ. ಆದರೆ "ಪಚಾಸ್ ಲಾಖ್", "ದಸ್ ಪರ್ಸೆಂಟ್" ಕೇಳಿಸಿದರೆ ಸಾಕು, ತಂಗಿ ಫೋನಿನ ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ "5 ಕೋಟಿ" ಅನ್ನುತ್ತಾರೆ. 10 ಪರ್ಸೆಂಟಿಗೆ 50 ಲಕ್ಷ ಆದರೆ ಇಡೀ ಕಂಪನಿಗೆ 5 ಕೋಟಿ ಬೆಲೆ ಅಂತ ಅವನೇ ಹೇಳಿಕೊಂಡ ಹಾಗೆ. "ವರ್ಷಕ್ಕೆ ಮಾರಾಟ ಎಷ್ಟಂತೆ?" ಅಂತ ಮುಂದಿನ ಪ್ರಶ್ನೆ. ಅಷ್ಟು ಹೊತ್ತಿಗೆ ಶಾರ್ಕ್ ಕೂಡ ಅದನ್ನೇ ಕೇಳಿರುತ್ತಾರೆ.

ಲೆಕ್ಕ ಗೊತ್ತಿದ್ದೂ ಅವರಿಗೆ ಪಾಲು ಬೇಡ, ಸಾಲ ಬೇಕು. ಅದಕ್ಕೆ ಕಾರಣ ಇದೆ. ನಮ್ಮ ಕಡೆ ಹಣ ಬೇಕಾದಾಗ ಹೋಗುವ ಜಾಗಗಳು ಯಾವಾಗಲೂ ಅವೇ. ಪಂಚಾಯತಿಗೊಂದರಂತೆ ಇರುವ ಸರ್ವಿಸ್ ಕೋಆಪರೇಟಿವ್ ಬ್ಯಾಂಕಿನಲ್ಲಿ ಬೆಳೆ ಸಾಲ ಸಿಗುತ್ತದೆ. ಚಿನ್ನ ಅಡವಿಟ್ಟರೆ ಅದೇ ದಿನ ಹಣ ಕೈಗೆ ಬರುತ್ತದೆ. ಇದೆಲ್ಲ ತೀರಿಸುವ ಹಣ. ತೀರಿಸಿದ ದಿನ ಜಾಗದ ಆಧಾರಪತ್ರ ವಾಪಸ್ ಬರುತ್ತದೆ, ಬಳೆ ಕೈಗೆ ಬರುತ್ತದೆ, ಮತ್ತೆ ಯಾರಿಗೂ ತಲೆ ಬಗ್ಗಿಸಬೇಕಾಗಿಲ್ಲ. ಪಾಲು ಹಾಗಲ್ಲ. ಕೊಟ್ಟವನು ಒಳಗೇ ಕೂತ.

"ಆದರೆ ದೊಡ್ಡಪ್ಪ, ಕಂಪನಿ ಮುಳುಗಿದರೆ ಈ ಹಣ ವಾಪಸ್ ಕೊಡಬೇಕಾಗಿಲ್ಲ" ಅಂತ ನಾನು ಒಮ್ಮೆ ಹೇಳಿದೆ.

"ಕೊಡಬೇಕಾಗಿಲ್ವಾ?"

"ಇಲ್ಲ."

"ಹಾಗಾದ್ರೆ ಅವರು ಕೊಡುದು ಯಾಕೆ?"

ಇಡೀ ಕಾರ್ಯಕ್ರಮದ ಬಗ್ಗೆ ಕೇಳಬಹುದಾದ ಒಳ್ಳೆಯ ಪ್ರಶ್ನೆ ಇದೇ ಅಂತ ನನಗೆ ಈಗಲೂ ಅನಿಸುತ್ತದೆ. ಹತ್ತು ಕಡೆ ಹಾಕಿದ ಹಣದಲ್ಲಿ ಜಾಸ್ತಿ ಹೋಗುತ್ತದೆ, ಒಂದೋ ಎರಡೋ ದೊಡ್ಡದಾಗಿ ಬೆಳೆಯುತ್ತದೆ, ಅದರಲ್ಲಿ ಎಲ್ಲ ನಷ್ಟ ತುಂಬಿ ಮೇಲೆ ಉಳಿಯುತ್ತದೆ ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದು ಲಾಟರಿ ಅಲ್ವಾ?" ಅಂದರು. 1967ರಿಂದ ಸರಕಾರವೇ ಲಾಟರಿ ನಡೆಸುವ ರಾಜ್ಯದಲ್ಲಿ ಕೂತು ಇದಕ್ಕೆ ಉತ್ತರ ಕೊಡುವುದು ಸುಲಭ ಅಲ್ಲ. ಟಿಕೆಟ್ ತಗೊಂಡವನು ಲಾಟರಿ ಆಫೀಸಿಗೆ ಹೋಗಿ ಲೆಕ್ಕ ತೋರಿಸಿ ಅನ್ನುವ ಹಾಗಿಲ್ಲ, ಇಲ್ಲಿ ಕೇಳಬಹುದು, ಅಷ್ಟೇ ವ್ಯತ್ಯಾಸ ಅಂದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ತಮಾಷೆ ಏನೆಂದರೆ, ಇದೇ ದೊಡ್ಡಪ್ಪನ ಹತ್ತಿರ ಕ್ಯಾಂಪ್ಕೋದ ಪಾಲು ಇದೆ. ಎಪ್ಪತ್ತರ ದಶಕದ ಸುರುವಿಗೆ ಅಡಿಕೆ ಧಾರಣೆ ನೆಲಕ್ಕೆ ಬಿದ್ದಾಗ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕಟ್ಟಿದ್ದು. ಪುತ್ತೂರಿನ ಚಾಕಲೇಟ್ ಕಾರ್ಖಾನೆ 1986ರಲ್ಲಿ ಬಂತು. ಒಂದು ಬೆಳೆ ನಂಬಿದವರು ಕೊಕ್ಕೋವನ್ನೂ ಬೆಳೆದು ಚಾಕಲೇಟ್ ಮಾಡಲು ಹೊರಟದ್ದು ಆ ಕಾಲಕ್ಕೆ ಯಾವ ಸ್ಟಾರ್ಟಪ್‌ಗೂ ಕಡಿಮೆ ಧೈರ್ಯ ಅಲ್ಲ. ಆ ಪಾಲಿನ ಹಣ ಕೊಡುವಾಗ ಅವರ್ಯಾರೂ "ಸಾಲ ತೆಗೀಬಾರ್ದಾ?" ಅಂತ ಕೇಳಲಿಲ್ಲ. ನಾನು ಇದನ್ನು ಎತ್ತಿದಾಗ ಉತ್ತರ ತಯಾರಿತ್ತು: "ಅದು ಬೇರೆ. ಅಲ್ಲಿ ನಾವು ನಾವೇ."

ಮೊದಲಿಗೆ ಇದು ಜಾರಿಕೊಳ್ಳುವ ಮಾತು ಅನಿಸಿತು. ಆಮೇಲೆ ನೋಡಿದರೆ ಅದರಲ್ಲಿ ಸತ್ಯ ಇದೆ. ಸಹಕಾರಿ ಸಂಘದಲ್ಲಿ ಒಬ್ಬನಿಗೆ ಒಂದೇ ಓಟು. ನೂರು ಪಾಲು ಇದ್ದವನಿಗೂ ಒಂದು, ಒಂದು ಪಾಲು ಇದ್ದವನಿಗೂ ಒಂದು. ಕಂಪನಿಯಲ್ಲಿ ಹಣ ಎಷ್ಟೋ ಮಾತು ಅಷ್ಟು. ದೊಡ್ಡಪ್ಪನಿಗೆ ಪಾಲು ಕೊಡುವುದರಲ್ಲಿ ತಕರಾರಿಲ್ಲ, ಪಾಲಿನ ಜೊತೆ ಯಜಮಾನಿಕೆಯೂ ಹೋಗುತ್ತದಲ್ಲ, ಅದರಲ್ಲಿ ತಕರಾರು. ಟೀವಿಯಲ್ಲಿ ಶಾರ್ಕ್ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾರೆ, ಕೇಳುವವನು ನಿಂತಿರುತ್ತಾನೆ. ಆ ನೋಟವೇ ಅವರಿಗೆ ಆಗುವುದಿಲ್ಲ. "ಒಂದು ಸ್ಟೂಲ್ ಆದ್ರೂ ಕೊಡಬಹುದಲ್ಲ?" ಅಂತ ಅತ್ತೆಯೂ ಹೇಳಿದ್ದುಂಟು.

ಇದಕ್ಕೆ ಪೂರಾ ಉಲ್ಟಾ ನಮ್ಮ ಪಕ್ಕದ ಮನೆಯವರು, ನಾವು ಇಚ್ಚ ಅಂತ ಕರೆಯುವವರು. ದುಬೈಯಲ್ಲಿ ಗ್ರಾಸರಿ, ಆಮೇಲೆ ಸಣ್ಣ ಸೂಪರ್ ಮಾರ್ಕೆಟ್ ನಡೆಸಿ ಊರಿಗೆ ಬಂದವರು. ನಮ್ಮ ಮನೆಗೆ ಬಂದಾಗ ಟೀವಿಯಲ್ಲಿ ಇದು ಇದ್ದರೆ ಚಾ ತಣ್ಣಗಾಗುತ್ತದೆ. ಅವರಿಗೆ ಕತೆ ಬೇಡ, ಕಣ್ಣೀರು ಬೇಡ, ಸಂಗೀತ ಬೇಡ. ಪ್ಯಾಕೆಟ್ ಕಂಡ ಕೂಡಲೇ ಕೇಳುವುದು ಒಂದೇ: "ಅಂಗಡಿಯವನಿಗೆ ಎಷ್ಟು ಬಿಡ್ತಾನೆ?" ಆಮೇಲೆ, "ಡೇಟ್ ಮುಗಿದ ಮಾಲು ಯಾರು ವಾಪಸ್ ತೆಗೀತಾರೆ?" 200 ರೂಪಾಯಿಯ ಡಬ್ಬಕ್ಕೆ ಮಾಡುವ ಖರ್ಚು 60 ಅಂತ ಹುಡುಗ ಜಂಬದಿಂದ ಹೇಳಿದರೆ ಇವರು ನಗುತ್ತಾರೆ. ಡಿಸ್ಟ್ರಿಬ್ಯೂಟರ್, ಅಂಗಡಿ, ಸಾಗಾಟ, ಒಡೆದದ್ದು, ಉಳಿದದ್ದು, ಆನ್‌ಲೈನ್ ಜಾಹೀರಾತು ಎಲ್ಲ ಕಳೆದರೆ ಆ 140ರಲ್ಲಿ ಎಂತ ಉಳಿಯುತ್ತದೆ ಅಂತ ಬೆರಳು ಮಡಚಿ ತೋರಿಸುತ್ತಾರೆ. ಐದು ನಿಮಿಷ ಬಿಟ್ಟು ಯಾರಾದರೂ ಶಾರ್ಕ್ ಅದನ್ನೇ ಕೇಳಿದರೆ ಅವರ ಮುಖ ನೋಡಬೇಕು!

ಪಾಲಿನ ವಿಷಯದಲ್ಲಿ ಅವರು ದೊಡ್ಡಪ್ಪನಿಗೆ ಹೇಳಿದ್ದು ನನಗೆ ಹೊಸ ವಿಷಯ. ಯುಎಇಯಲ್ಲಿ ಫ್ರೀ ಝೋನ್ ಅನ್ನುವ ವಿಶೇಷ ವಲಯ ಬಿಟ್ಟು ಬೇರೆ ಕಡೆ ಕಂಪನಿ ಮಾಡುವುದಾದರೆ 2021ರವರೆಗೂ ಸಾಮಾನ್ಯವಾಗಿ 51 ಪರ್ಸೆಂಟ್ ಅಲ್ಲಿನ ಪ್ರಜೆಯ ಹೆಸರಿನಲ್ಲೇ ಇರಬೇಕಿತ್ತು. ಹಣ, ದುಡಿಮೆ, ನಿದ್ದೆಗೆಟ್ಟದ್ದು ಎಲ್ಲ ನಮ್ಮವರದ್ದು. ಕಾಗದದಲ್ಲಿ ಯಜಮಾನ ಬೇರೆ, ಅವರಿಗೆ ವರ್ಷಕ್ಕಿಷ್ಟು ಅಂತ ಫೀಸು. "ನಾವು 51 ಕೊಟ್ಟು ಅಂಗಡಿ ಮಾಡಿದವರು ಭಟ್ರೇ. ಈ ಹುಡುಗನಿಗೆ 10 ಕೊಡ್ಲಿಕ್ಕೆ ಎಂತ ಕಷ್ಟ?" ಅಂದರು. ದೊಡ್ಡಪ್ಪ ಸುಮ್ಮನಾದರು. ಗಲ್ಫ್ ಹಣದಿಂದ ಎದ್ದ ಮನೆಗಳನ್ನು ದಿನಾ ನೋಡುವ ಊರಲ್ಲಿ ಆ ಮಾತಿಗೆ ತೂಕ ಇದೆ.

ದೊಡ್ಡಪ್ಪ ಮನಸಾರೆ ಒಪ್ಪಿದ ಡೀಲ್ ಒಂದೇ. ಮೊದಲ ಸೀಸನ್ನಿನಲ್ಲಿ ಮಹಾರಾಷ್ಟ್ರದ ಮಾಲೆಗಾಂವ್ ಕಡೆಯಿಂದ ಬಂದ 'ಜುಗಾಡು ಕಮಲೇಶ್' ನಿಮಗೆ ನೆನಪಿರಬಹುದು. ಬೆನ್ನಿಗೆ ಪಂಪು ಹೊತ್ತು ಮದ್ದು ಬಿಡುವ ಕಷ್ಟ ತಪ್ಪಿಸಲು ಗದ್ದೆಯಲ್ಲಿ ತಳ್ಳಿಕೊಂಡು ಹೋಗುವ ಗಾಡಿ ಮಾಡಿದವರು. ಶಾರ್ಕ್‌ಗಳಲ್ಲಿ ಒಬ್ಬರಾದ, ಕನ್ನಡಕದ ಕಂಪನಿ ಲೆನ್ಸ್‌ಕಾರ್ಟ್‌ನ ಪಿಯೂಷ್ ಬನ್ಸಲ್ 40 ಪರ್ಸೆಂಟ್ ಪಾಲಿಗೆ 10 ಲಕ್ಷ, ಅದರ ಮೇಲೆ ಬಡ್ಡಿ ಇಲ್ಲದೆ 20 ಲಕ್ಷ ಸಾಲ ಕೊಡುತ್ತೇನೆ ಅಂದರು. ದೇಶದ ತುಂಬ ಜನ ಆ ಎಪಿಸೋಡ್ ನೋಡಿ ಕಣ್ಣೊರೆಸಿಕೊಂಡರು. ನಮ್ಮ ಮನೆಯಲ್ಲಿ 40 ಅನ್ನುವುದು ಕೇಳಿ ಮೊದಲು ಗಲಾಟೆ, ಬಡ್ಡಿ ಇಲ್ಲದ ಸಾಲ ಅಂದ ಮೇಲೆ ಶಾಂತಿ. ಆಮೇಲೆ ಮಾತು ಪೂರ್ತಿ ಗಾಡಿಯ ಮೇಲೆ ಹೋಯಿತು. ಅದು ನಮ್ಮ ತೋಟಕ್ಕೆ ಆಗುತ್ತದಾ?

ಆಗುವುದಿಲ್ಲ. ಹತ್ತಿ ಗಿಡಕ್ಕೆ ಬಿಡುವ ಮದ್ದಿಗೂ ಅಡಿಕೆಗೆ ಬಿಡುವ ಬೋರ್ಡೋಗೂ ಎತ್ತರದ್ದೇ ಸಮಸ್ಯೆ. ಮಳೆಗಾಲದಲ್ಲಿ ಕೊಳೆರೋಗ ಬರುವ ಮೊದಲು ಮೈಲುತುತ್ತು, ಸುಣ್ಣ ಕಲಸಿ ಗೊನೆಗೆ ಬಿಡಬೇಕು. ಜಾರುವ ಮರ, ಹತ್ತುವ ಜನ ಇಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಕೊಯ್ಯಲೂಬಹುದು. ಕುತ್ತಿಗೆ ನೋವು ಫ್ರೀ. ಬಂಟ್ವಾಳದ ಗಣಪತಿ ಭಟ್ಟರು ಮರ ಹತ್ತುವ ಬೈಕ್ ಮಾಡಿದ ವಿಡಿಯೋ 2019ರಲ್ಲಿ ಎಲ್ಲರ ಫೋನಿನಲ್ಲೂ ಓಡಾಡಿತ್ತು. "ಅವರು ಅಲ್ಲಿಗೆ ಹೋಗ್ಬೇಕಿತ್ತು" ಅಂತ ತಂಗಿ ಅಂದಳು. ಹೋಗಿದ್ದರೆ ಏನಾಗುತ್ತಿತ್ತು ಅಂತ ನನಗೆ ಸಂಶಯ. ಅಡಿಕೆ ಬೆಳೆಯುವ ಜಿಲ್ಲೆಗಳು ಇರುವುದೇ ಕೆಲವು, ಮಾರುಕಟ್ಟೆ ಸಣ್ಣದು ಅಂತ ಒಬ್ಬೊಬ್ಬರಾಗಿ 'ಔಟ್' ಅನ್ನುತ್ತಿದ್ದರೇನೋ. ಶಾರ್ಕ್‌ಗಳು ಹುಡುಕುವುದು ನೂರು ಪಟ್ಟು ಬೆಳೆಯುವುದನ್ನು. ನಮ್ಮ ಕಡೆಯ ಸಂಶೋಧನೆಗಳು ಬೇರೆ ದಾರಿಯಲ್ಲಿ ಹರಡಿದವು. ಪುತ್ತೂರಿನಿಂದ 1988ರಲ್ಲಿ ಸುರುವಾದ ಅಡಿಕೆ ಪತ್ರಿಕೆ ಇದೆಯಲ್ಲ, ಅದರಲ್ಲಿ ಒಬ್ಬ ರೈತ ಮಾಡಿದ ಉಪಾಯ ಇನ್ನೊಬ್ಬ ರೈತ ಓದುತ್ತಾನೆ, ಕೆಳಗಿರುವ ನಂಬರಿಗೆ ಫೋನ್ ಮಾಡುತ್ತಾನೆ, ಒಂದು ದಿನ ಹೋಗಿ ನೋಡಿ ಊಟ ಮಾಡಿ ಬರುತ್ತಾನೆ. ಯಾರ ಪಾಲೂ ಯಾರಿಗೂ ಹೋಗಲಿಲ್ಲ. ಅದರಲ್ಲಿ ಯಾರೂ ಕೋಟ್ಯಧಿಪತಿ ಆಗಲಿಲ್ಲ ಅನ್ನುವುದೂ ನಿಜ.

ಈ ಕಾರ್ಯಕ್ರಮದಿಂದ ನಮ್ಮ ಮನೆಯಲ್ಲಿ ನಿಜವಾಗಿ ಏನಾದರೂ ಕಲಿತವರು ಅತ್ತೆ. ಅವರು ಕುಟುಂಬಶ್ರೀ ಗುಂಪಿನಲ್ಲಿದ್ದಾರೆ. 1998ರಲ್ಲಿ ಮಲಪ್ಪುರದಲ್ಲಿ ಸುರುವಾಗಿ ಇವತ್ತು ಕೇರಳದ ಎಲ್ಲ ವಾರ್ಡಿಗೂ ಮುಟ್ಟಿದ ಯೋಜನೆ ಅದು. ಹೆಂಗಸರು ವಾರ ವಾರ ಸ್ವಲ್ಪ ಸ್ವಲ್ಪ ಕಟ್ಟಿ, ಅದರಲ್ಲೇ ತಮ್ಮೊಳಗೆ ಸಾಲ ಕೊಡುತ್ತಾರೆ. ಅತ್ತೆಯ ಗುಂಪು ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುತ್ತದೆ. ಬಲಿತ ಕಾಯಿ ಕೊಯ್ದು, ಕೈಗೆ ಎಣ್ಣೆ ಹಚ್ಚಿ ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಪ್ಪು ಖಾರ ಹಾಕಿ, ಉಂಡೆ ಮಾಡಿ ಒತ್ತಿ, ಬಿಸಿಲಿಗೆ ಹಾಕುವುದು. ಮಳೆ ಬರುವ ಮೊದಲು ಎಲ್ಲ ಮುಗಿಯಬೇಕು.

ಎರಡನೇ ಸೀಸನ್ನಿನಲ್ಲಿ ಗೋವಾದ ವಕಾವೋ ಅನ್ನುವ ಕಂಪನಿ ಹಲಸಿನಿಂದ ಮಾಡಿದ ತಿಂಡಿಗಳನ್ನು ಹಿಡಿದುಕೊಂಡು ಬಂತು. ಮಾಂಸದ ಬದಲಿಗೆ ತಿನ್ನಬಹುದು ಅಂತ. ನಮ್ಮ ಮನೆಯಲ್ಲಿ ನಗುವೋ ನಗು. ಗುಜ್ಜೆ (ಎಳೆ ಹಲಸು) ಪಲ್ಯಕ್ಕೆ ಇಷ್ಟು ದೊಡ್ಡ ಸೆಟ್ ಹಾಕಬೇಕಿತ್ತಾ ಅಂತ. ಕೇರಳದಲ್ಲಿ ಹಲಸನ್ನು 2018ರಲ್ಲಿ ರಾಜ್ಯದ ಹಣ್ಣು ಅಂತ ಘೋಷಿಸಿದ ಮೇಲೂ ನಮ್ಮ ಗುಡ್ಡೆಯಲ್ಲಿ ಜೂನ್ ಬಂದರೆ ಮರದ ಬುಡದಲ್ಲಿ ಕೊಳೆತು ನೊಣ ಹಾರುವುದು ನಿಂತಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಬೆಲೆ ನೋಡುತ್ತಿದ್ದರು.

ಅವರನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಬೇರೆ ಯಾವುದೋ ಎಪಿಸೋಡಿನದ್ದು. "ಇದರಲ್ಲಿ ನಿಮ್ಮ ಸಂಬಳ ಸೇರಿದೆಯಾ?" ಅಂತ ಶಾರ್ಕ್ ಕೇಳಿದರು. ಸೇರಿಲ್ಲ ಅಂತ ಹುಡುಗಿ ಒಪ್ಪಿದಳು. ಹಾಗಾದರೆ ನಿಮ್ಮ ಲಾಭ ಲಾಭವೇ ಅಲ್ಲ ಅಂದರು. ಅತ್ತೆ ಮರುದಿನ ನೋಟುಪುಸ್ತಕ ತೆಗೆದು ಕೂತರು. ಹಪ್ಪಳದ ಲೆಕ್ಕದಲ್ಲಿ ಹಲಸಿನಕಾಯಿಗೆ ಸೊನ್ನೆ, ಸೌದೆಗೆ ಸೊನ್ನೆ, ಮನೆಯವರ ಕೆಲಸಕ್ಕೆ ಸೊನ್ನೆ. ಮೆಣಸು, ಉಪ್ಪು, ಪ್ಲಾಸ್ಟಿಕ್ ಕವರ್ ಮಾತ್ರ ಖರ್ಚು. ಬೆಳಿಗ್ಗೆಯಿಂದ ಸಂಜೆವರೆಗೆ ಹೆಂಗಸರು ಕೂತು ಒತ್ತಿದ್ದಕ್ಕೆ ಊರಿನ ಕೂಲಿ ಹಿಡಿದರೆ ಹಪ್ಪಳದ ಒಂದು ಕಟ್ಟಿನ ಮೇಲೆ ಎಷ್ಟು ರೇಟು ಹಾಕಬೇಕು ಅಂತ ಬರೆದರು. ಬಂದ ಸಂಖ್ಯೆ ನೋಡಿ ಪುಸ್ತಕ ಮುಚ್ಚಿದರು. ಆ ರೇಟಿಗೆ ನಮ್ಮ ಪೇಟೆಯಲ್ಲಿ ಯಾರೂ ಹಪ್ಪಳ ತಗೊಳ್ಳುವುದಿಲ್ಲ. ಆದರೂ ಮುಂದಿನ ಬೇಸಿಗೆಗೆ ರೇಟು ಏರಿಸಿದರು, ಗುಂಪಿನಲ್ಲಿ ಜಗಳ ಆಯಿತು, ಏರಿದ ರೇಟು ಹಾಗೇ ಉಳಿಯಿತು.

ಭಾರತ್‌ಪೇ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಶಾರ್ಕ್ ಅಶ್ನೀರ್ ಗ್ರೋವರ್ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಮೊದಲ ಸೀಸನ್ನಿನಲ್ಲಿ ಅವರ ಒರಟು ಮಾತಿಗೆ ಮೀಮ್‌ಗಳ ಮಳೆ. ಎರಡನೇ ಸೀಸನ್ನಿಗೆ ಅವರು ಇರಲಿಲ್ಲ, ಸಪ್ಪೆ ಆಯಿತು ಅಂತ ಜನ ಗೊಣಗಿದರು. ನನಗೆ ಆ ಧಾಟಿ ಆಗುವುದಿಲ್ಲ. ಆದರೆ ದೊಡ್ಡಪ್ಪನಿಗೆ ಅವರೇ ಇಷ್ಟ. "ಇಲ್ಲ ಅಂತ ಮುಖಕ್ಕೆ ಹೇಳ್ತಾನಲ್ಲ" ಅಂತ. ನಮ್ಮ ಊರಲ್ಲಿ ಹಣ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅಡಿಕೆ ಮಾರಿದ ಮೇಲೆ ನೋಡುವ ಅನ್ನುತ್ತಾರೆ. ಅಡಿಕೆ ಮಾರಿದ ಮೇಲೆ ಮಗಳ ಫೀಸು ಕಟ್ಟಿ ಆಗಲಿ ಅನ್ನುತ್ತಾರೆ. ಕೇಳಿದವನು ಆರು ತಿಂಗಳು ಅಲೆದು ಅವನೇ ಅರ್ಥ ಮಾಡಿಕೊಳ್ಳಬೇಕು.

ಇನ್ನೊಂದು ಗಮನಿಸಿದ್ದೇನೆ. ದಕ್ಷಿಣದಿಂದ ಬಂದವರು ಹಿಂದಿಯಲ್ಲಿ ತಡವರಿಸುವಾಗ ನಮ್ಮ ಮನೆಯಲ್ಲಿ ಎಲ್ಲರೂ ಅವರ ಪರ. ವ್ಯಾಪಾರ ಹೇಗೂ ಇರಲಿ. ಮಲೆಯಾಳದ ಫಾರ್ಮು ಹಿಡಿದುಕೊಂಡು ಕೌಂಟರಿನ ಮುಂದೆ ನಿಂತು, ತಲೆಯೊಳಗೆ ಕನ್ನಡದಲ್ಲಿ ಸರಿಯಾಗಿ ಇರುವುದನ್ನು ಅರ್ಧಂಬರ್ಧ ಹೇಳಿ ಬಂದ ಅನುಭವ ಇಲ್ಲಿ ಯಾರಿಗಿಲ್ಲ? ಹಣ ಕೇಳುವುದೇ ಕಷ್ಟ, ಅದೂ ಬೇರೆಯವರ ಭಾಷೆಯಲ್ಲಿ.

ಎಲ್ಲಕ್ಕಿಂತ ಜೋರು ಸದ್ದು ಬರುವುದು ಇಬ್ಬರು ಶಾರ್ಕ್‌ಗಳು ಒಬ್ಬನಿಗಾಗಿ ಕಿತ್ತಾಡುವಾಗ. ಅದು ಯಾಕೆ ಅಷ್ಟು ಖುಷಿ ಕೊಡುತ್ತದೆ ಅಂತ ಯೋಚಿಸಿದಾಗ ನೆನಪಾದದ್ದು ಚಿಟ್ಟಿ, ಅಂದರೆ ಚೀಟಿ ವ್ಯವಹಾರ. ಕೇರಳದಲ್ಲಿ ಚಿಟ್ಟಿ ಕಟ್ಟದ ಮನೆ ಕಡಿಮೆ. ಸರಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇ 1969ರಿಂದ ಇದನ್ನೇ ನಡೆಸುತ್ತಿದೆ. 40 ಜನ ತಿಂಗಳಿಗೆ 5,000ದಂತೆ ಹಾಕಿದರೆ 2 ಲಕ್ಷ. ಆ ತಿಂಗಳು ಹಣದ ಗಡಿಬಿಡಿ ಇದ್ದವರು ಲೇಲಂ (ಹರಾಜು) ಕೂಗುತ್ತಾರೆ. ನನಗೆ 1.80 ಸಾಕು, ನನಗೆ 1.70 ಸಾಕು ಅಂತ. ಯಾರ ಕಷ್ಟ ಜಾಸ್ತಿಯೋ ಅವರು ಜಾಸ್ತಿ ಬಿಟ್ಟುಕೊಟ್ಟು ಹಣ ಎತ್ತುತ್ತಾರೆ, ಮೇಲಿಂದ ಜಾಮೀನು ಬೇರೆ ಕೊಡಬೇಕು. ಬಿಟ್ಟ ಹಣ ಉಳಿದವರಿಗೆ ಹಂಚಿಹೋಗುತ್ತದೆ. ಅಂದರೆ ಬೇಕಾದವರೇ ಒಬ್ಬರ ಮೇಲೊಬ್ಬರು ಬಿದ್ದು ಕೆಳಗಿಳಿಯುವುದು ನಾವು ಕಂಡ ಲೋಕ. ಟೀವಿಯಲ್ಲಿ ಅದು ತಿರುಗಿ ನಿಂತಿತು. ಕೊಡುವವರು ಕೂಗುತ್ತಿದ್ದಾರೆ, ಕೇಳಿದವನು ಕೈ ಕಟ್ಟಿ ನೋಡುತ್ತಿದ್ದಾನೆ. ಹಣಕ್ಕಾಗಿ ಒಮ್ಮೆಯಾದರೂ ಅಲೆದವರಿಗೆ ಆ ದೃಶ್ಯದ ರುಚಿ ಗೊತ್ತು.

ಟೀವಿಯಲ್ಲಿ ಕೈ ಕುಲುಕಿದ ಡೀಲ್‌ಗಳೆಲ್ಲ ಆಮೇಲೆ ಆಗುವುದಿಲ್ಲ, ಲೆಕ್ಕಪತ್ರ ಪರೀಕ್ಷೆ ಮಾಡುವಾಗ ಎಷ್ಟೋ ಬಿದ್ದುಹೋಗುತ್ತವೆ. ಡೀಲ್ ಸಿಗದವರು ಸೋತರು ಅಂತಲೂ ಅಲ್ಲ. ಅಮೆರಿಕದ ಕಾರ್ಯಕ್ರಮದಿಂದ 2013ರಲ್ಲಿ ಬರಿಗೈಯಲ್ಲಿ ಹೋದ ಡೋರ್‌ಬೆಲ್ ಕ್ಯಾಮರಾದ ಕಂಪನಿಯನ್ನು ರಿಂಗ್ ಅನ್ನುವ ಹೆಸರಲ್ಲಿ ಅಮೆಜಾನ್ 2018ರಲ್ಲಿ ಕೊಂಡುಕೊಂಡಿತು, ಅದೂ ನೂರು ಕೋಟಿ ಡಾಲರಿಗೂ ಮೇಲೆ. ಇಷ್ಟು ಹೇಳಿದರೂ ನಮ್ಮ ಮನೆಯವರಿಗೆ ಆ ರಾತ್ರಿಯ ತೀರ್ಪೇ ತೀರ್ಪು.

ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕೆಲಸ ಬಿಟ್ಟು ಬಂದು, ಹಲಸು ಮತ್ತು ಬಾಳೆಕಾಯಿ ಒಣಗಿಸಲು ಸೋಲಾರ್ ಡ್ರೈಯರ್ ಹಾಕುತ್ತೇನೆ ಅಂದ. ಟೀವಿಯಲ್ಲಿ ಕೇಳುವವರ ಪರ ನಿಂತ ಅದೇ ಮನೆ ಅವನನ್ನು ಹೇಗೆ ನೋಡಿತು ಅನ್ನುತ್ತೀರಾ? ಮಾಲು ಯಾರಿಗೆ ಮಾರುತ್ತಿ ಅಂತ ಯಾರೂ ಕೇಳಲಿಲ್ಲ. ಕಿಲೋಗೆ ಎಷ್ಟು ಬೀಳುತ್ತದೆ ಅಂತಲೂ ಕೇಳಲಿಲ್ಲ. ಕೆಲಸ ಯಾಕೆ ಬಿಟ್ಟೆ, ಮದುವೆಗೆ ಹೆಣ್ಣು ಕೊಡುವವರು ಯಾರು, ಜಾಮೀನು ಯಾರು, ಇವೇ ಪ್ರಶ್ನೆಗಳು. ಶಾರ್ಕ್‌ಗಳ ಪ್ರಶ್ನೆ ಇದಕ್ಕಿಂತ ಮರ್ಯಾದೆಯದ್ದು ಅಂತ ನನಗೆ ಅನಿಸಿದ್ದು ಅವತ್ತೇ. ಅವರು ಕನಿಷ್ಠ ಕೆಲಸದ ಬಗ್ಗೆ ಕೇಳುತ್ತಾರೆ. ಕೊನೆಗೆ ಅಕ್ಕನ ಬಳೆ ಬ್ಯಾಂಕಿಗೆ ಹೋಯಿತು, ಡ್ರೈಯರ್ ಬಂತು. ಶೆಡ್ಡಿಗೆ ತಗಡಿನ ಹಣ ಸಾಲದೆ ಒಂದು ಬದಿಗೆ ಸೋಗೆ ಹಾಕಿದ್ದಾನೆ.

ಈಗ ಅವನಿಗೆ ಎರಡನೇ ಡ್ರೈಯರ್ ಬೇಕು. ಮೊನ್ನೆ ಊಟ ಆದ ಮೇಲೆ ಸೀದಾ ಕೇಳಿದ. "ದೊಡ್ಡಜ್ಜ, ಸಾಲ ಬೇಡ. 1 ಲಕ್ಷ ಹಾಕಿ, 5 ಪರ್ಸೆಂಟ್ ನಿಮ್ಗೆ."

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಹಾಗಾದ್ರೆ ನಿನ್ನ ಕಂಪನಿಗೆ 20 ಲಕ್ಷವಾ? ಆ ಸೋಗೆ ಹಾಕಿದ ಶೆಡ್ಡಿಗೆ? ಕಳೆದ ವರ್ಷ ಎಷ್ಟು ಮಾರಿದ್ದೀ ಹೇಳು."

ಅವನು ಹೇಳಿದ. ಅದರಲ್ಲಿ ನಿನ್ನ ಸಂಬಳ ಸೇರಿದೆಯಾ ಅಂತ ಅಡುಗೆ ಕೋಣೆಯಿಂದ ಅತ್ತೆ ಕೇಳಿದರು. ಇವನು ಸ್ವಲ್ಪ ತಡವರಿಸಿದ. ದೊಡ್ಡಪ್ಪ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "20 ಪರ್ಸೆಂಟ್ ಆದ್ರೆ ಮಾತಾಡುವ" ಅಂದರು. "ಬಳೆ ಬಿಡಿಸಿಕೊಡುದು ಯಾವಾಗ ಅಂತ್ಲೂ ಅದರಲ್ಲೇ ಬರಿ" ಅಂದಳು ಅಕ್ಕ.